ಉಪ್ಪಾಗೆಯ ಹುಳಿ ಮತ್ತು ದೇಹದ ಕೊಬ್ಬು

ಧಾರವಾಡದಿಂದ ಅಳ್ನಾವರದತ್ತ ಸಾಗುವ ರೈಲುದಾರಿಯಲ್ಲಿ ಮುಗದವೆಂಬ ಊರಿದೆ. ಅಲ್ಲಿಯ ಭತ್ತದ ಸಂಶೋಧನಾ ಕೇಂದ್ರವನ್ನೂ ಊರಿನ ಹೆಸರನ್ನೇ ಹೊತ್ತ ‘ಮುಗದ ಸುಗಂಧ’ ತಳಿಯನ್ನೂ ವಾಚಕರಲ್ಲಿ ಹಲವರು ಬಲ್ಲರು. ಇಲ್ಲಿಂದ ಪಶ್ಚಿಮಕ್ಕೆ ಮಲೆನಾಡು ತೊಡಗುತ್ತದೆ. ಇನ್ನೂ ಮುಂದೆ ಉತ್ತರ ಕನ್ನಡದ ಘಟ್ಟದ ಕಾಡುಗಳಲ್ಲಿ ಉಪ್ಪಾಗೆಯ ಮರಗಳಿವೆ. ಮುಗದದ ಅನ್ನವು ನಮ್ಮ ಮೈಯಲ್ಲಿ ಕೊಬ್ಬಾಗುವುದನ್ನು ಘಟ್ಟದ ಉಪ್ಪಾಗೆ ತಡೆಯಬಲ್ಲುದೆ? ಪ್ರಶ್ನೆ ವಿಚಿತ್ರವಾಗಿ ತೋರಿದರೂ ಅರ್ಧ ಶತಮಾನದಿಂದ ವಿಜ್ಞಾನಿಗಳು ಕೇಳುತ್ತ ಬಂದಿರುವುದು ಇಂಥದನ್ನೇ.

ಅನ್ನವು ಕೊಬ್ಬಾಗುವ ಬಗೆಯನ್ನು ಮೊದಲು ನೋಡೋಣ. ಅನ್ನದ ಪಿಷ್ಟವು ಪಚನವಾಗಿ ಗ್ಲೂಕೋಸ್ ಆಗುತ್ತದೆ. ಜೀವಕೋಶದಲ್ಲಿ ಗ್ಲೂಕೋಸಿನ ಅಣು ಒಡೆದು, ಕೊನೆಗೆ ಮೈಟೋಕಾಂಡ್ರಿಯವೆಂಬ ಪುಟ್ಟ ಅಂಗಕಗಳೊಳಗೆ ಎರಡೆರಡು ಇಂಗಾಲ ಪರಮಾಣುಗಳುಳ್ಳ ತುಣುಕುಗಳಾಗುತ್ತದೆ. ಶಕ್ತಿ ಬೇಕಾದಾಗ ಇವು ಅಲ್ಲಿಯೇ ಉರಿದುಹೋಗುತ್ತವೆ. ಮಿಕ್ಕವುಗಳಿಂದ ಕೊಬ್ಬು ತಯಾರಾಗಬೇಕಾದರೆ ಅವು ಹೊರಗೆ ಬರಬೇಕು. ಏಕೆಂದರೆ ಕೊಬ್ಬಿನ ತಯಾರಿ ನಡೆಯುವುದು ಮೈಟೋಕಾಂಡ್ರಿಯದ ಹೊರಗೆ. ಆದರೆ ತುಣುಕು ತಾನಾಗಿ ಹೊರಬರಲಾರದು. ಅದು ಮತ್ತೊಂದು ಅಣುವಿನೊಡನೆ ಕೂಡಿ ಸಿಟ್ರಿಕ್ ಆಮ್ಲದ, ಅಂದರೆ ನಿಂಬೆಯ ಹುಳಿಯ ರೂಪದಲ್ಲಿ ದಾಟುತ್ತದೆ. ಹೊರಗೆ ಸಿಟ್ರೇಟ್ ಲಯೇಸ್ ಎಂಬ ಕಿಣ್ವವು ಅದನ್ನು ಸೀಳಿ ತುಣುಕನ್ನು ಬಿಡಿಸಿಕೊಡುತ್ತದೆ. ಈ ಕಿಣ್ವವನ್ನು ತಡೆದರೆ ಆ ಹಾದಿ ಬಹುಮಟ್ಟಿಗೆ ಮುಚ್ಚಿದಂತೆಯೇ.

ಇನ್ನು ಉಪ್ಪಾಗೆ. ಇದರ ಬೀಜದಿಂದ ಘಟ್ಟದವರು ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಬ್ಬಿನ ವೈರಿಯೆಂದು ಹೆಸರಾದುದು ಅದೇ ಹಣ್ಣಿನ ಸಿಪ್ಪೆ! ಸಿಪ್ಪೆಯ ಹುಳಿಯನ್ನು ಹಿಂದೆ ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದು ಎಣಿಸಿದ್ದರು. ಅದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಸಿಟ್ರಿಕ್ ಆಮ್ಲದ ಅಣುವಿನಲ್ಲಿ 21 ಪರಮಾಣುಗಳು; ಇದರಲ್ಲಿ 22. ಹೆಚ್ಚಿನದು ಆಮ್ಲಜನಕದ ಒಂದೇ ಪರಮಾಣು. ಆದರೂ ಕೀಲಿಯೊಳಗೆ ಹೊಕ್ಕು ತಿರುಗದೆ ನಿಲ್ಲುವ ಕೀಲಿಕೈಯಂತೆ ಈ ಅಣು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆಂದು 1969ರಲ್ಲಿ ಅಮೆರಿಕೆಯ ಬ್ರಾಂಡೈಸ್ ವಿಶ್ವವಿದ್ಯಾಲಯದ ವಾಟ್ಸನ್, ಲೋವೆನ್‌ಸ್ಟೈನ್ ಮೊದಲಾದವರು ಕಂಡರು. ಪರಮಾಣುಗಳ ಎಣಿಕೆಯಷ್ಟೇ ಸಾಲದು, ಅವುಗಳ ಜೋಡಣೆಯೂ ಮುಖ್ಯ. ಈ ಆಮ್ಲಕ್ಕೆ ನಾಲ್ಕು ಜೋಡಣೆಗಳುಂಟು. ಕೆಂಪು ಪುಂಡಿಯ ಹೂಬಟ್ಟಲಿನಲ್ಲಿರುವುದು ಬೇರೊಂದು. ಕಿಣ್ವವನ್ನು ಬಲವಾಗಿ ತಡೆಯುವುದು ಉಪ್ಪಾಗೆಯದೇ.

ಸಕ್ಕರೆಯಂಥ ಆಹಾರವನ್ನು ಯಥೇಚ್ಛವಾಗಿ ತಿಂದ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ತಯಾರಿ ಇದರಿಂದ ಕುಗ್ಗಿತು. ಮುಂದಿನದನ್ನು ಊಹಿಸಬಹುದು: ಮೈ ಕರಗಿಸುವ ಗುಳಿಗೆಗಳು ಪೇಟೆಗೆ ಬಂದವು. 1998ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಮಿತಾಹಾರ ಗೊತ್ತುಪಡಿಸಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. 12 ವಾರಗಳಲ್ಲಿ ಆಮ್ಲ ಸೇವಿಸಿದವರ ತೂಕ ಸರಾಸರಿ 3.2 ಕಿಲೋಗ್ರಾಂ ಇಳಿದರೆ, ಬರಿಯ ಗುಳಿಗೆ ನುಂಗಿದವರದು 4.1 ಕಿಲೋಗ್ರಾಂ ಇಳಿಯಿತು! ಈ ಅಂತರ ಆಕಸ್ಮಿಕವೆನ್ನುವಷ್ಟೇ, ಗುಣವಂತೂ ಕಾಣಲಿಲ್ಲ. ಇಂಥ ಗುಳಿಗೆಗಳನ್ನು ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದುದನ್ನೂ ವೈದ್ಯರು ದಾಖಲಿಸಿದ್ದಾರೆ. ಸಾರಿಗೆ ಹಾಕುವ ಸಿಪ್ಪೆಯ ಮಾತು ಬೇರೆ.

ಪ್ರನಾಳದಲ್ಲಿ ಗೆದ್ದ ಅಣು ಮನುಷ್ಯನಲ್ಲಿ ಸೋತುದೇಕೆ? ಸಾಮಾನ್ಯವಾದ ಮಿಶ್ರ ಊಟವನ್ನು ಉಣ್ಣುವ ಮನುಷ್ಯನಲ್ಲಿ ಪಿಷ್ಟದಿಂದ ಹೊಸದಾಗಿ ಹುಟ್ಟುವ ಕೊಬ್ಬು ಬಹಳ ಸ್ವಲ್ಪ. ಮೈಯ ಕೊಬ್ಬಿನ ಬಹುಪಾಲು ಊಟದ ಎಣ್ಣೆ ತುಪ್ಪಗಳಿಂದ ನೇರವಾಗಿ ಬಂದುದು. ಅದು ನಮ್ಮ ಕಿಣ್ವದ ಬಾಗಿಲನ್ನು ತುಳಿಯುವುದೇ ಇಲ್ಲ. ಅನ್ನವೂ ಎಣ್ಣೆಯೂ ಕೂಡಿ ಬಂದಾಗ ದೇಹವು ಅನ್ನವನ್ನು ಮೊದಲು ಉರಿಸಿ ಎಣ್ಣೆಯನ್ನು ಕೂಡಿಡುತ್ತದೆ. ಆದುದರಿಂದ ಅತಿಯಾಗಿ ಉಂಡ ಅನ್ನವು ಬೊಜ್ಜಿಗೆ ಕಾರಣವಾಗುವುದು ಬಹುಮಟ್ಟಿಗೆ ತಾನೇ ಕೊಬ್ಬಾಗಿ ಅಲ್ಲ, ಒಗ್ಗರಣೆಯ ಎಣ್ಣೆಯನ್ನು ಉರಿಯಗೊಡದೆ.