ಬಯೋಮೆಡಿಕಲ್ ಸೈನ್ಸ್: ಶುಲ್ಕ ಕಟ್ಟುವ ಮುನ್ನ

ರಕ್ತಪರೀಕ್ಷೆಯ ವರದಿ ಓದುವ ವೈದ್ಯರು ನಮಗೆ ಗೊತ್ತು. ಪರೀಕ್ಷೆ ಮಾಡಿದವರು ಯಾರೆಂದು ಕೇಳುವವರು ಕಡಿಮೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆ ಕೆಲಸ ಬಯೋಮೆಡಿಕಲ್ ಸೈಂಟಿಸ್ಟ್‌ಗಳದ್ದು. ನಿಮ್ಮ ಮಗನೋ ಮಗಳೋ ಈ ಪದವಿಗೆಂದು ಅಲ್ಲಿಗೆ ಹೊರಟಿದ್ದರೆ ಒಂದು ವಿಷಯ ತಿಳಿದಿರಲಿ.

ಪದವಿ ಕೈಗೆ ಬಂದ ಮಾತ್ರಕ್ಕೆ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲ. ಅಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬುದು ಕಾನೂನಿನ ರಕ್ಷಣೆಯುಳ್ಳ ಹೆಸರು. ಎಚ್.ಸಿ.ಪಿ.ಸಿ. ಎಂಬ ಮಂಡಳಿಯಲ್ಲಿ ನೋಂದಣಿಯಾಗದವರು ಅದನ್ನು ಬಳಸುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್ ಮಾನ್ಯ ಮಾಡಿದ ಪದವಿಯೂ, ಅದೇ ಸಂಸ್ಥೆ ಒಪ್ಪಿದ ಪ್ರಯೋಗಾಲಯದಲ್ಲಿ ಪಡೆದ ತರಬೇತಿಯೂ ಬೇಕು. ಮಾನ್ಯತೆಯಿಲ್ಲದ ಪದವಿಯಾದರೆ, ಕೊರತೆಬಿದ್ದ ವಿಷಯಗಳನ್ನು ಮತ್ತೆ ಹಣ ತೆತ್ತು ಓದಬೇಕಾದೀತು.

ಕಷ್ಟವಿರುವುದು ತರಬೇತಿಯಲ್ಲಿ. ತರಗತಿಯಲ್ಲಿ ಕೂತ ಎಲ್ಲರಿಗೂ ಆಸ್ಪತ್ರೆಯಲ್ಲಿ ಸ್ಥಾನ ಸಿಗುವುದಿಲ್ಲ. ಅದು ಕೋರ್ಸಿನೊಳಗೇ ಸೇರಿದೆಯೇ? ಸ್ಥಾನ ಹುಡುಕಬೇಕಾದವರು ಕಾಲೇಜಿನವರೋ, ವಿದ್ಯಾರ್ಥಿಯೋ? ಕಳೆದ ವರ್ಷ ಎಷ್ಟು ಮಂದಿಗೆ ಸಿಕ್ಕಿತು, ಅವರಲ್ಲಿ ವಿದೇಶಿಯರೆಷ್ಟು? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಹಾಸ್ಟೆಲ್, ಗ್ರಂಥಾಲಯಗಳ ಬಣ್ಣದ ಚಿತ್ರಗಳನ್ನು ಆಮೇಲೆ ನೋಡಿದರಾಯಿತು.

ಇದು ಡಾಕ್ಟರಿಕೆಗೆ ಹಿಂಬಾಗಿಲು ಎಂಬ ನಂಬಿಕೆಯೊಂದಿದೆ. ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ ಅಲ್ಲಿದೆ, ನಿಜ. ಆದರೆ ಪೈಪೋಟಿ ವಿಪರೀತ, ಕೆಲವೆಡೆ ವಿದೇಶಿಯರಿಗೆ ಪ್ರವೇಶವೇ ಇಲ್ಲ. ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವುದು ಬೇಸರ ತರದವರಿಗೆ ಇದು ಒಳ್ಳೆಯ ದಾರಿ. ಸಂಶೋಧನೆ, ಔಷಧ ಕಂಪನಿಗಳ ಕೆಲಸಕ್ಕೆ ಸಾಮಾನ್ಯವಾಗಿ ಆ ನೋಂದಣಿಯೂ ಬೇಡ. ರೋಗಿಯ ಪಕ್ಕದಲ್ಲೇ ಇರಬೇಕೆಂಬ ಆಸೆಯಿದ್ದರೆ ನರ್ಸಿಂಗ್, ಫಿಸಿಯೋಥೆರಪಿ ಕೋರ್ಸುಗಳನ್ನು ಈಗಲೇ ವಿಚಾರಿಸಿ.