ಎಪ್ಪತ್ತೈದು ಸೆಂಟುಗಳ ಲೆಕ್ಕ

1986ನೆಯ ಇಸವಿಯ ಆಗಸ್ಟ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಗಣಕ ವಿಭಾಗಕ್ಕೆ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳವಿಜ್ಞಾನಿ ಹೊಸದಾಗಿ ಬಂದಿದ್ದರು. ದೂರದರ್ಶಕದ ವಿನ್ಯಾಸಕ್ಕೆಂದು ದೊರೆಯುತ್ತಿದ್ದ ಧನಸಹಾಯವು ಮುಗಿದುದರಿಂದ ಅವರಿಗೆ ಈ ಕೆಲಸ ಒದಗಿತ್ತು. ಆಗ ಗಣಕಯಂತ್ರವನ್ನು ಬಳಸಿದವರು ಬಳಸಿದ ಕಾಲಕ್ಕೆ ತಕ್ಕ ಶುಲ್ಕವನ್ನು ತೆರಬೇಕಾಗಿತ್ತು. ಆ ಲೆಕ್ಕದಲ್ಲಿ 75 ಸೆಂಟುಗಳು ತಾಳೆಯಾಗಲಿಲ್ಲ. ಅದರ ಕಾರಣವನ್ನು ಹುಡುಕುವ ಕೆಲಸ ಹೊಸಬರ ಪಾಲಿಗೆ ಬಂದಿತು.

ಲೆಕ್ಕ ಕೂಡುವ ಕ್ರಮದಲ್ಲಿ ತಪ್ಪಿರಲಿಲ್ಲ. 'ಹಂಟರ್' ಎಂಬ ಹೆಸರಿನಲ್ಲಿ ಯಾರೋ ಕೆಲವು ಕ್ಷಣ ಗಣಕವನ್ನು ಬಳಸಿದ್ದರು. ಶುಲ್ಕವನ್ನು ಯಾರಿಂದ ಪಡೆಯಬೇಕೆಂಬ ವಿಳಾಸ ಮಾತ್ರ ಎಲ್ಲಿಯೂ ಇರಲಿಲ್ಲ. ಅಪರಿಚಿತನೊಬ್ಬನು ದೂರವಾಣಿಯ ತಂತಿಯ ಮೂಲಕ ಒಳಹೊಕ್ಕಿದ್ದನು.

ಗಣಕಗಳ ರಕ್ಷಣೆ ಎಂಬ ವಿದ್ಯೆಯನ್ನು ಸ್ಟಾಲ್ ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ತಿಳಿದವರನ್ನು ಹುಡುಕಿಕೊಂಡು ಹೋಗಿ ಕೇಳುವುದೊಂದೇ ಅವರಿಗಿದ್ದ ದಾರಿ. ಯೂನಿಕ್ಸ್ ವ್ಯವಸ್ಥೆಯ ಒಳಮರ್ಮಗಳನ್ನು ಸಹೋದ್ಯೋಗಿಗಳು ಹೇಳಿಕೊಟ್ಟರು. ಕರೆಗಳ ಜಾಡು ಹಿಡಿಯುವ ಬಗೆಯನ್ನು ದೂರವಾಣಿ ಸಂಸ್ಥೆಯವರಿಂದ ಅರಿತರು. 1968ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ ಅದೇ ಪ್ರಯೋಗಾಲಯದಲ್ಲಿದ್ದರು. ಇದನ್ನು ಪೋಲೀಸರ ಕೆಲಸವೆಂದು ಭಾವಿಸದೆ ವಿಜ್ಞಾನದ ಸಂಶೋಧನೆಯೆಂದೇ ತಿಳಿದು ಮುಂದುವರಿಯಬೇಕೆಂದು ಅವರು ಸಲಹೆ ಕೊಟ್ಟರು. ಈ ಸಲಹೆಯೇ ಎಲ್ಲಕ್ಕಿಂತ ಹೆಚ್ಚು ನೆರವಾಯಿತೆನ್ನಬೇಕು. ಅಂದಿನಿಂದ ಸ್ಟಾಲ್ ಕಂಡದ್ದೆಲ್ಲವನ್ನೂ ದಿನಾಂಕ, ವೇಳೆಗಳ ಸಮೇತ ದಿನಚರಿಯ ಪುಸ್ತಕದಲ್ಲಿ ಬರೆದಿಟ್ಟರು. ಒಂದು ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಮುದ್ರಣಯಂತ್ರಗಳನ್ನೂ ಟರ್ಮಿನಲ್‌ಗಳನ್ನೂ ಹೊತ್ತು ತಂದು, ಒಳಬರುವ ಸುಮಾರು 50 ತಂತಿಗಳಿಗೆ ಜೋಡಿಸಿ, ಅಲ್ಲಿಯೇ ಮಲಗಿದರು. ಆಗಂತುಕನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು.

ಅವನು ಒಳನುಗ್ಗಿದ ಬಗೆ ಹೀಗಿತ್ತು: ಕೋಗಿಲೆಯು ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಕಾಗೆಯು ಅದನ್ನು ತನ್ನದೆಂದೇ ಬಗೆದು ಕಾವು ಕೊಡುತ್ತದೆ. ಪ್ರಯೋಗಾಲಯದ ಗಣಕವು ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಒಂದು ಸಣ್ಣ ಕ್ರಮವಿಧಿಯನ್ನು ನಡೆಸುತ್ತಿತ್ತು. ಕಡತಗಳನ್ನು ಸ್ಥಳಾಂತರಿಸುವ ಇನ್ನೊಂದು ಕ್ರಮವಿಧಿಯಲ್ಲಿದ್ದ ಲೋಪವನ್ನು ಬಳಸಿಕೊಂಡು ಅವನು ಅಸಲಿನ ಜಾಗದಲ್ಲಿ ತನ್ನದನ್ನು ಇಟ್ಟನು. ಗಣಕವು ಅದನ್ನು ತನ್ನದೆಂದೇ ನಂಬಿ ನಡೆಸಿ, ಅವನಿಗೆ ಸರ್ವಾಧಿಕಾರವನ್ನು ಕೊಟ್ಟುಬಿಟ್ಟಿತು. 1989ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಸ್ಟಾಲ್ ಈ ಮೊಟ್ಟೆಯ ಹೆಸರನ್ನೇ ಇಟ್ಟಿದ್ದಾರೆ.

ಬರ್ಕ್ಲಿಯಿಂದ ಅವನು ಸುಮಾರು 450 ಗಣಕಗಳ ಬಾಗಿಲು ತಟ್ಟಿದನು. ಅವುಗಳಲ್ಲಿ 30ಕ್ಕೂ ಹೆಚ್ಚಿನವು ತೆರೆದುಕೊಂಡವು. ಹಲವು ಗಣಕಗಳು ಸೈನ್ಯಕ್ಕೆ ಸೇರಿದವು. ಇದರಲ್ಲಿ ಅಸಾಧಾರಣ ಬುದ್ಧಿಯೇನೂ ಇರಲಿಲ್ಲ, ತಾಳ್ಮೆಯಷ್ಟೇ ಇತ್ತು. ತಯಾರಕರು ಯಂತ್ರದೊಡನೆ ಕೊಟ್ಟ ಪಾಸ್‌ವರ್ಡ್‌ಗಳನ್ನು ಅನೇಕರು ಬದಲಾಯಿಸಿಯೇ ಇರಲಿಲ್ಲ. ನಿಘಂಟಿನ ಪದಗಳನ್ನು ಪಾಸ್‌ವರ್ಡ್ ಮಾಡಿಕೊಂಡರೆ ಒಂದೊಂದನ್ನೇ ಪರೀಕ್ಷಿಸಿ ಕಂಡುಹಿಡಿಯಬಹುದೆಂದು ರಾಬರ್ಟ್ ಮಾರಿಸ್ ಹಾಗೂ ಕೆನ್ ಥಾಮ್ಸನ್ 1979ರಲ್ಲಿಯೇ ಬರೆದಿದ್ದರು. ಓದಿದವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ.

ಜಾಡು ಹಿಡಿಯಬೇಕಾದರೆ ಅವನನ್ನು ಬಹಳ ಹೊತ್ತು ತಂತಿಯಲ್ಲಿ ನಿಲ್ಲಿಸಬೇಕಾಗಿತ್ತು. ಅದಕ್ಕಾಗಿ ಸ್ಟಾಲ್ ಕ್ಷಿಪಣಿರಕ್ಷಣೆಯ ಗುಟ್ಟುಗಳೆಂದು ತೋರುವ ಸುಳ್ಳು ಕಡತಗಳನ್ನು ಸೃಷ್ಟಿಸಿ ಇಟ್ಟರು. ಅವನು ಗಂಟೆಗೂ ಮಿಕ್ಕಿ ಅವುಗಳನ್ನು ಓದುತ್ತ ಕುಳಿತನು. ಅಷ್ಟರಲ್ಲಿ ಕರೆಯ ಮೂಲವು ಅಂದಿನ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಪತ್ತೆಯಾಯಿತು. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದರೆಂದು ಮುಂದೆ ತಿಳಿದುಬಂದಿತು. 1990ರಲ್ಲಿ ನ್ಯಾಯಾಲಯವು ಅವರನ್ನು ಅಪರಾಧಿಗಳೆಂದು ಸಾರಿತು.

ಸ್ಟಾಲ್ ಅವರಂತೆ ಒಬ್ಬೊಬ್ಬರೇ ಬಾಗಿಲಿಂದ ಬಾಗಿಲಿಗೆ ಅಲೆದು ಕಲಿಯುವ ಕಾಲ ಹೆಚ್ಚು ದಿನ ನಿಲ್ಲಲಿಲ್ಲ. 1988ರ ನವೆಂಬರ್ 2ರಂದು, ಮೇಲೆ ಹೇಳಿದ ರಾಬರ್ಟ್ ಮಾರಿಸ್ ಅವರ ಮಗನೇ ಬಿಟ್ಟ ಕ್ರಮವಿಧಿಯೊಂದು ಗಣಕದಿಂದ ಗಣಕಕ್ಕೆ ತಾನಾಗಿಯೇ ಹರಡಿ, ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ತಂದೆಯು ಆಗ ಅಮೆರಿಕ ಸರ್ಕಾರದ ಗಣಕ ರಕ್ಷಣೆಯ ಹಿರಿಯ ವಿಜ್ಞಾನಿಯಾಗಿದ್ದುದು ವಿಧಿಯ ವಿನೋದ! ಅದೇ ತಿಂಗಳು ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂತಹ ಆಪತ್ತುಗಳಿಗಾಗಿಯೇ 'ಸರ್ಟ್' ಎಂಬ ತಂಡವು ಏರ್ಪಟ್ಟಿತು. ಮರುವರ್ಷ ಸ್ಥಾಪನೆಯಾದ 'ಸ್ಯಾನ್ಸ್' ಸಂಸ್ಥೆಯು ಈ ವಿದ್ಯೆಯಲ್ಲಿ ತರಬೇತಿ ಕೊಡುವುದರಲ್ಲಿ ಹೆಸರಾಯಿತು. ಭಾರತ ಸರ್ಕಾರದ 'ಸರ್ಟ್-ಇನ್' 2004ರಲ್ಲಿ ಕೆಲಸ ಆರಂಭಿಸಿತು. ಹೊಸದಾಗಿ ಕಂಡುಬರುವ ಲೋಪಗಳನ್ನೂ ಅವುಗಳ ಪರಿಹಾರವನ್ನೂ ಅದು ಸಾರ್ವಜನಿಕರಿಗೆ ತಿಳಿಸುತ್ತದೆ.

ಕಲಿಯುವವನಿಗೆ ಅಭ್ಯಾಸ ಬೇಕು. ಆದರೆ ಪರರ ಯಂತ್ರದ ಮೇಲೆ ಅಭ್ಯಾಸ ಮಾಡುವಂತಿಲ್ಲ. ದುರುದ್ದೇಶದಿಂದ ಅನುಮತಿಯಿಲ್ಲದೆ ಇನ್ನೊಬ್ಬರ ಗಣಕವನ್ನು ಪ್ರವೇಶಿಸಿದವರಿಗೆ ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಈ ತೊಡಕಿಗೆ ಬೋಧಕರು ಕಂಡುಕೊಂಡ ಉಪಾಯವೇ ಸ್ಪರ್ಧೆ. ಬೇಕೆಂದೇ ಲೋಪಗಳನ್ನಿರಿಸಿದ ಗಣಕಗಳನ್ನು ಅವರೇ ಸಿದ್ಧಪಡಿಸಿ, ಅಡಗಿಸಿಟ್ಟ ಪದವೊಂದನ್ನು ಹುಡುಕಿ ತೆಗೆಯುವಂತೆ ಕೇಳುತ್ತಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆಂದು 2013ರಲ್ಲಿ ಆರಂಭಿಸಿದ 'ಪೈಕೋ ಸಿ.ಟಿ.ಎಫ್.' ಇಂತಹುದೊಂದು ಸ್ಪರ್ಧೆ. ಅದರಲ್ಲಿ ಭಾಗವಹಿಸಲು ಶುಲ್ಕವಿಲ್ಲ.