ಸರ್ವರ್ ನೋಡಿಕೊಳ್ಳುವವರಿಗೆ ಸಂಬಳದ ಪಟ್ಟಿ ಯಾಕೆ ಕಾಣಬೇಕು?

ನಾನಿದ್ದ ಬೆಂಗಳೂರಿನ ಸಂಸ್ಥೆಯ ಡೇಟಾಬೇಸ್ ತಂಡಕ್ಕೆ ಆಡಿಟರ್ ಒಬ್ಬರು ಕೇಳಿದ್ದು ಇಷ್ಟೇ: ಸಿಸ್ಟಮ್ ಅಡ್ಮಿನ್‌ಗಳು ನೌಕರರ ಸಂಬಳ, ಪ್ಯಾನ್ ಸಂಖ್ಯೆ ಓದಬಲ್ಲರೇ? ಅವರ ಹೆಸರಿನಲ್ಲಿ ಲಾಗಿನ್ನೇ ಇಲ್ಲ, ಆದ್ದರಿಂದ ಓದಲಾರರು ಎಂದಿತು ತಂಡ.

ಲಾಗಿನ್ ತೆಗೆದುಬಿಟ್ಟರೆ ಸಾಲದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2008ರ ಆವೃತ್ತಿಯಿಂದ ವಿಂಡೋಸ್ ಅಡ್ಮಿನ್‌ಗಳಿಗೆ ತಾನಾಗಿ ಪೂರ್ಣಾಧಿಕಾರ ಸಿಗುವುದು ನಿಂತಿತು, ನಿಜ. ಆದರೆ ಸಿಂಗಲ್ ಯೂಸರ್ ಮೋಡ್‌ನಲ್ಲಿ ಸರ್ವಿಸ್ ಶುರುಮಾಡಿದರೆ ಅವರು ಅದನ್ನು ಮತ್ತೆ ಪಡೆಯಬಹುದು. ಪೋಸ್ಟ್‌ಗ್ರೆಸ್‌ನಲ್ಲೂ ಅಷ್ಟೇ, ರೂಟ್ ಆದವರನ್ನು ತಡೆಯುವುದು ಕಷ್ಟ. ಮೈಎಸ್‌ಕ್ಯೂಎಲ್ ಅನ್ನು ಅನುಮತಿ ತಪಾಸಣೆಯೇ ಇಲ್ಲದೆ ಚಾಲೂ ಮಾಡಬಹುದು. ಪಾಸ್‌ವರ್ಡ್ ಕಳೆದುಹೋದಾಗ ಬೇಕಾಗುವ ಈ ದಾರಿಗಳೆಲ್ಲ ಕೈಪಿಡಿಗಳಲ್ಲೇ ಇವೆ. ಯಂತ್ರ ಯಾರ ಕೈಯಲ್ಲಿದೆಯೋ ದತ್ತಾಂಶವೂ ಅವರದೇ.

ಹಾಗಾದರೆ ಎನ್‌ಕ್ರಿಪ್ಷನ್? ಟಿಡಿಇ, ಅಂದರೆ ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಷನ್, ಡಿಸ್ಕಿನ ಕಡತಗಳನ್ನೂ ಬ್ಯಾಕಪ್ಪನ್ನೂ ಕಾಯುತ್ತದೆ. ಒಳಹೊಕ್ಕು ಕ್ವೆರಿ ಹಾಕಿದವರಿಗೆ ಎಲ್ಲವನ್ನೂ ಬಿಡಿಸಿಯೇ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ 2016ರಲ್ಲಿ ಬಂದ ಆಲ್ವೇಸ್ ಎನ್‌ಕ್ರಿಪ್ಟೆಡ್ ಕೀಯನ್ನು ಅಪ್ಲಿಕೇಶನ್ ಕಡೆಗೆ ಒಯ್ದಿತು. ಸರ್ವರ್‌ಗೇ ಕೀ ಗೊತ್ತಿಲ್ಲವೆಂದರೆ ಅಡ್ಮಿನ್‌ಗೂ ಇಲ್ಲ, ಡಿಬಿಎಗೂ ಇಲ್ಲ. ತಂಡ ಕೊನೆಗೆ ನೆಚ್ಚಿದ್ದು ಇದನ್ನೇ. ಆದರೆ ಹಾಗೆ ಮುಚ್ಚಿದ ಸಂಬಳದ ಕಾಲಮ್ಮನ್ನು ಸರ್ವರ್‌ನಲ್ಲಿ ಕೂಡಿಸಲಾಗದು. ಹಣಕಾಸು ವಿಭಾಗದ ವರದಿಗಳನ್ನು ಹೊಸದಾಗಿ ಬರೆಯಬೇಕಾಯಿತು, ಜಗಳವೂ ಆಯಿತು. ಆ ಶ್ರಮ ಸಾರ್ಥಕವೆಂದೇ ನನ್ನ ಎಣಿಕೆ.

ಯಾರು ಏನು ಮಾಡಿದರೆಂದು ದಾಖಲಿಸುವ ಆಡಿಟ್ ಲಾಗ್ ಅದೇ ಯಂತ್ರದಲ್ಲಿದ್ದರೆ ಅಳಿಸುವುದು ಸುಲಭ. ಅದನ್ನು ಭದ್ರತಾ ತಂಡದ ಸರ್ವರ್‌ಗೆ ಆಗಿಂದಾಗಲೇ ಕಳಿಸುವ ಏರ್ಪಾಡಾಯಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಲೇಬೇಕು.

"ಇಷ್ಟು ವರ್ಷ ಆದ್ಮೇಲೂ ನಂಬಿಕೆ ಇಲ್ವಾ ಸಾರ್?" ಎಂದರು ಹಿರಿಯ ಅಡ್ಮಿನ್ ಒಬ್ಬರು. ಆ ನೋವು ಸಹಜವೇ. ಅವರಿಗೆ ಅಮೆರಿಕದ ಗುಪ್ತಚರ ರಹಸ್ಯಗಳನ್ನು ಹೊರಗೆಡವಿದ ಅಡ್ಮಿನ್ ಸ್ನೋಡೆನ್ ಕಥೆ ಹೇಳಿದ್ದರೆ ಇನ್ನಷ್ಟು ನೋಯುತ್ತಿತ್ತು, ಹೇಳಿದ್ದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನದು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್, ಬದಲಿ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಳೂ ಕೈಕೊಟ್ಟಿದ್ದವು, ಆರು ಗಂಟೆಗಳ ದತ್ತಾಂಶ ಹೋಯಿತು. ಆ ಎಂಜಿನಿಯರ್ ಪ್ರಾಮಾಣಿಕರೇ. ಅಂಥ ಹೊತ್ತಿನಲ್ಲಿ ತಡೆಯುವ ಎರಡನೆಯ ಕಣ್ಣು ಬೇಕಿತ್ತು. ಆಮೇಲೆ ನಮ್ಮ ಸಂಸ್ಥೆಯಲ್ಲಿ ಇಬ್ಬರ ಒಪ್ಪಿಗೆಯಿಂದ ಸಿಗುವ, ನಿಗದಿತ ಅವಧಿಗೆ ತಾನಾಗಿ ಮುಗಿಯುವ ಪ್ರವೇಶಕ್ಕೆ ನಿಯಮ ಬರೆದವರು ಆ ಹಿರಿಯರೇ.

ನಿಯಮ ಜಾರಿಯಾದ ಮೇಲೆ ಅವರೇ ಇನ್ನೊಂದು ತೂತು ತೋರಿಸಿದರು. ಟೆಸ್ಟ್ ಸರ್ವರ್‌ಗಳಲ್ಲಿ ಅಸಲಿ ದತ್ತಾಂಶದ ಹಳೆಯ ನಕಲುಗಳಿದ್ದವು, ಅಲ್ಲಿ ಡೆವಲಪರ್‌ಗಳೆಲ್ಲರೂ ಅಡ್ಮಿನ್. ಅವನ್ನು ಅಳಿಸಿ, ಕೃತಕ ಹೆಸರು–ಸಂಖ್ಯೆಗಳನ್ನು ತುಂಬುವ ಕೆಲಸ ಮೊದಲಿನದಕ್ಕಿಂತ ದೊಡ್ಡದಾಯಿತು.